ತಪ್ಪು ಒಪ್ಕೊಂಡ ಮ್ಯಾಲೂ ಅಪೀಲು ಅದ

ಮನ್ಯಾಗ ಹುಡುಗ್ರು ತಪ್ಪು ಒಪ್ಕೊಂಡ್ರ ಎರಡು ಬೈಗಳದಾಗ ಮುಗೀತದ. ಕೋರ್ಟಿನ್ಯಾಗ ಹಂಗಲ್ಲ. ಇದು ನನಗ ಗೊತ್ತಾಗಿದ್ದು ನಮ್ಮ ಓಣಿಗೆ ಹೂವು ತರೋ ಆಕಿಯ ಮಗನಿಂದ.

ಅವಗ 19 ವರ್ಷ. ಯಾರದೋ ಬೈಕ್ ಕದ್ದು ಸಿಕ್ಕಿಬಿದ್ದ. ಅದ ಮೊದಲನೇ ಸಲ. ‘ಒಪ್ಕೊಂಡುಬಿಡು, ದಂಡ ಹಾಕಿ ಬಿಡ್ತಾರ’ ಅಂತ ಯಾರೋ ಹೇಳಿದ್ರು. ಒಪ್ಕೊಂಡ. ಆರು ತಿಂಗಳು ಜೈಲಾತು.

ಹನ್ನೆರಡು ದಿನ ಆದ ಮ್ಯಾಲೆ ಆಕಿ ನಮ್ಮ ಕಟ್ಟಿ ಮ್ಯಾಲೆ ಕೂತು, “ಅಕ್ಕಾರ, ಒಪ್ಕೊಂಡ ಮ್ಯಾಲೆ ಅಪೀಲು ಇಲ್ಲಂತ್ರಿ, ಎಲ್ಲಾ ಮುಗದೈತಂತ” ಅಂದ್ಲು. ನಾನು ಪಿಯುಸಿ ಓದಿದಾಕಿ, ಕಾಯ್ದೆ ನನಗೂ ಗೊತ್ತಿಲ್ಲ. ಆದ್ರ ಕೋರ್ಟಿನ ಆವಾರದಾಗ ಉಚಿತ ಕಾನೂನು ನೆರವಿನ ಬೋರ್ಡ್ ನೋಡಿದ್ದೆ. ಆಕೀನ್ನ ಕರಕೊಂಡು ಹೋದೆ. ಹೆಣ್ಣುಮಕ್ಕಳಿಗೆ, ಜೈಲಿನ್ಯಾಗ ಇದ್ದವರಿಗೆ ಆದಾಯ ಎಷ್ಟ ಇರ್ಲಿ, ಅಲ್ಲಿ ವಕೀಲರನ್ನ ಪುಕ್ಕಟ ಕೊಡ್ತಾರ. ಅದಕ್ಕ 1987ರ ಕಾಯ್ದೆ ಅದ.

ವಕೀಲರು ಬಿಡಿಸಿ ಹೇಳಿದ್ರು. ಒಪ್ಕೊಂಡ ಮ್ಯಾಲೆ ‘ನಾ ಕದ್ದೇ ಇಲ್ಲ’ ಅಂತ ಅಪೀಲು ಹಾಕ್ಲಿಕ್ಕೆ ಬರಂಗಿಲ್ಲ. ಆದ್ರ ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷಾ ಹೆಚ್ಚಾತು, ಇಲ್ಲಾ ಕಾಯ್ದೆ ಪ್ರಕಾರ ಇಲ್ಲ ಅಂತ ಸೆಷನ್ಸ್ ಕೋರ್ಟಿಗೆ ಹೋಗಬಹುದು. ಹಳೇ ಸಿಆರ್‌ಪಿಸಿಯ 375ನೇ ಕಲಮು ಇದನ್ನ ಹೇಳ್ತಿತ್ತು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯೊಳಗ ಅದು 416. ತೀರ್ಪಾಗಿ 30 ದಿನದೊಳಗ ಹಾಕಬೇಕು. ಹಾಲು ಚೆಲ್ಲಿದ್ದು ಖರೆ, ಅದಕ್ಕ ಎಷ್ಟು ಏಟು ಅನ್ನೋದು ಬ್ಯಾರೆ ಮಾತು ಅಂತ ನಾ ತಿಳ್ಕೊಂಡೆ.

ಆಮ್ಯಾಲೆ ವಕೀಲರು ವಯಸ್ಸು ಕೇಳಿದ್ರು. 21 ತುಂಬದವರನ್ನ ಇಂಥಾ ಕೇಸಿನ್ಯಾಗ ಜೈಲಿಗೆ ಕಳಸೂ ಮೊದ್ಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿ ನೋಡಬೇಕು, ಯಾಕ ಬಿಡ್ಲಿಕ್ಕೆ ಬರಂಗಿಲ್ಲ ಅಂತ ಕಾರಣ ಬರೀಬೇಕು ಅಂತ 1958ರ ಕಾಯ್ದೆ ಹೇಳ್ತದ. ತೀರ್ಪಿನ ನಕಲಿನ್ಯಾಗ ಆ ಕಾರಣ ಒಂದು ಸಾಲೂ ಇರಲಿಲ್ಲ.

“ಕೆದಕಿದ್ರ ಶಿಕ್ಷಾ ಜಾಸ್ತಿ ಮಾಡ್ತಾರೇನ್ರಿ?” ಅಂತ ಆಕಿ ಹೆದರಿದ್ಲು. ನೀವು ಹಾಕಿದ ಅಪೀಲಿನ್ಯಾಗ ಶಿಕ್ಷಾ ಇಳಸ್ಲಿಕ್ಕೆ ಬರ್ತದ, ಏರಸ್ಲಿಕ್ಕೆ ಬರಂಗಿಲ್ಲ ಅಂತ ವಕೀಲರು ಅಂದ ಮ್ಯಾಲೆ ಆಕಿಗೆ ಉಸಿರು ಬಂತು. ಮರುದಿನ ಟ್ರಂಕಿನ ತಳದಾಗಿಂದ ಮಗನ ಶಾಲಿ ದಾಖಲೆ ಹುಡುಕಿ ತಂದ್ಲು.

ಅಪೀಲು ದಾಖಲಾತು. ಶಿಕ್ಷಾ ಅಮಾನತಾಗಿ ಹುಡುಗ ಜಾಮೀನಿನ ಮ್ಯಾಲೆ ಹೊರಗ ಬಂದ. ಕೊನೀಗೆ ಸೆಷನ್ಸ್ ಕೋರ್ಟು ವರದಿ ತರಿಸಿ, ಒಂದು ವರ್ಷ ಒಳ್ಳೇ ನಡತಿಯಿಂದ ಇರಬೇಕು ಅಂತ ಮುಚ್ಚಳಿಕೆ ಬರಿಸ್ಕೊಂಡು ಬಿಡ್ತು. ಕದ್ದಾನ ಅನ್ನೋ ತೀರ್ಪು ಮಾತ್ರ ಹಂಗ ಉಳದದ. ಈಗ ನಸುಕಿನ್ಯಾಗ ಅವ್ವನ ಜೋಡಿ ಮಾರ್ಕೆಟ್ಟಿಗೆ ಹೋಗ್ತಾನ.

ಓಣ್ಯಾಗ ಕೆಲವರು ‘ಕಳ್ಳನ ಸಲುವಾಗಿ ಓಡಾಡಿದ್ರಿ’ ಅಂತಾರ. ಶಿಕ್ಷಾ ಬ್ಯಾಡ ಅಂತ ನಾ ಅಂದಿಲ್ಲ, ಕಾಯ್ದೆ ಹೇಳಿದಷ್ಟ ಇರಲಿ ಅಂದೆ. ನಿಮ್ಮ ಕಡೆ ಯಾರಿಗರೆ ಹಿಂಗಾದ್ರ ಮೊದ್ಲು ದಿನ ಎಣಸ್ರಿ. ಕಾನೂನು ನೆರವಿನ 15100 ನಂಬರಿಗೆ ಫೋನ್ ಹಚ್ಚ್ರಿ. ಅಳೋದು ಆಮ್ಯಾಲೆ ಇದ್ದ ಅದ.