ಗಾಲಿ ಮ್ಯಾಲಿನ ಮನಿಯಾಗ ಜಾಗಾ ಹುಡುಕಿದ್ದು

ನಾವು ಟ್ರೇಲರ್ ತಗೊಂಡಾಗಿಂದ ಧಾರವಾಡದ ಕಡಿಂದ ಫೋನ್ ಮಾಡಿದವರೆಲ್ಲಾ ಕೇಳೋದು ಒಂದ ಪ್ರಶ್ನಿ: “ಅದು ಮನಿಯೇನವಾ, ಗಾಡಿಯೇನು?” ಎರಡೂ ಖರೇನ. ಅದಕ್ಕ ತನ್ನದೊಂದು ಇಂಜಿನ್ ಇಲ್ಲ, ಪಿಕಪ್ ಟ್ರಕ್ಕಿನ ಹಿಂದ ಕೊಂಡಿ ಹಾಕಿ ಎಳಕೊಂಡು ಹೋಗಬೇಕು. ಒಳಗ ಮಾತ್ರ ಮುಂದಿನ ತುದಿಗೆ ಒಂದು ಮಂಚ, ನಡುವ ಒಲಿ, ಫ್ರಿಜ್, ಎರಡು ಬೆಂಚಿನ ನಡುವ ಊಟದ ಮೇಜು, ಹಿಂದಿನ ತುದಿಗೆ ಬಚ್ಚಲಾ. ರಾತ್ರಿ ಮೇಜು ಕೆಳಗಿಳಿಸಿದ್ರ ಅದೂ ಒಂದು ಮಂಚ ಆಗತದ. ನಮ್ಮದು 22 ಫೂಟು ಉದ್ದ, 8 ಫೂಟು ಅಗಲ, ಯಾರೋ ಹತ್ತು ವರ್ಷ ಬಳಸಿ ಮಾರಿದ್ದು. ಅಮೆರಿಕಾದೊಳಗ ಇಂಥಾವು ಹೆಚ್ಚಿನವು ತಯಾರಾಗೋದು ಇಂಡಿಯಾನಾದ ಎಲ್ಕ್‌ಹಾರ್ಟ್ ಅನ್ನೋ ಊರಿನ ಸುತ್ತಮುತ್ತ. ನಾವಿರೋ ಮಿಶಿಗನ್ನಿಗೆ ಅದು ಬಾಜೂಕನ.

ಈ ಸಲ ಬ್ಯಾಸಿಗಿಗೆ ನಮ್ಮ ಅತ್ತಿಯವರು ಬರೋರಿದ್ದಾರ. ವಯಸ್ಸು 74, ಹ್ವಾದ ವರ್ಷ ಎರಡೂ ಮೊಣಕಾಲಿನ ಆಪರೇಷನ್ ಆಗೇದ. “ನನ್ನ ಒಬ್ಬಾಕಿನ್ನ ಮನಿಯಾಗ ಬಿಟ್ಟು ಹೋಗಬ್ಯಾಡ್ರಿ, ಆ ಗಾಡ್ಯಾಗ ನಾನೂ ಬರ್ತೀನಿ” ಅಂತ ಮೊದಲ ಹೇಳಿಟ್ಟಾರ. ಬರಲಿ, ಬರೋದು ನನಗೂ ಛಲೋ ಅನಸ್ತದ. ಆದ್ರ ನಮ್ಮ ಟ್ರೇಲರಿನ್ಯಾಗ ರಾತ್ರಿ ದೀಪಾ ಆರಿಸಿದ ಮ್ಯಾಲೆ ನೆಲಾ ಹೆಂಗಿರತದ ಅನ್ನೋದು ನನಗ ಗೊತ್ತು. ಮೇಜಿನ ಮ್ಯಾಲಿಂದೆಲ್ಲಾ ನೆಲಕ್ಕ ಬರ್ತದ. ಡಬ್ಬಿ, ಚೀಲ, ಬೂಟು, ಮಡಚೋ ಕುರ್ಚಿ, ಮಗಳ ಬಣ್ಣದ ಪೆಟ್ಟಿಗಿ. ಮಂಚದಿಂದ ಬಚ್ಚಲಕ್ಕ ಹನ್ನೊಂದು ಫೂಟು. ಅತ್ತಿಯವರು ರಾತ್ರಿ ಎರಡು ಸಲ ಏಳೋರು. ಕತ್ತಲಾಗ ಕಾಲಿಗೆ ಒಂದು ಡಬ್ಬಿ ತೊಡರಿತು ಅಂದ್ರ ಮುಗೀತಲ್ಲ. ಹಿಂಗಾಗಿ ಇದು ಮನಿ ಚಂದ ಮಾಡೋ ಉಸಾಬರಿ ಅಲ್ಲ. ರಾತ್ರಿ ನೆಲದ ಮ್ಯಾಲೆ ಒಂದು ಚಪ್ಪಲಿನೂ ಇರಬಾರದು, ಅಷ್ಟ.

ಹುಬ್ಬಳ್ಳಿಯೊಳಗಾಗಿದ್ರ ಬಡಗ್ಯಾನ್ನ ಕರದು, ಚಹಾ ಮಾಡಿ ಕೊಟ್ಟು, ಕುರ್ಚಿ ಹಾಕ್ಕೊಂಡು ನೋಡಕೋತ ಕೂಡತಿದ್ದೆ. ಇಲ್ಲೆ ಕೂಲಿ ಕೇಳಿದ್ರ ಎದಿ ಧಸಕ್ ಅಂತದ. ಅದಕ್ಕ ನಾನೂ ನಮ್ಮ ಯಜಮಾನ್ರೂ ಸೇರಿ ಮಾಡಿದ್ವಿ. ಅಳತಿ, ಕೊರಿಯೋದು ನಂದು. ಎತ್ತೋದು, ಸ್ಕ್ರೂ ಬಿಗಿಯೋದು, ನಡುನಡುವ ಬೈಯೋದು ಅವರದು.

ಒಂದು ಶನಿವಾರ ಬ್ಯಾಟರಿ ಮತ್ತ ಅಳತಿ ಟೇಪು ಹಿಡಕೊಂಡು ಇಡೀ ಟ್ರೇಲರ್ ತಡಕಾಡಿದೆ. ಡ್ರಾವರ್ ಎಳದು ತಗದು ಅದರ ಹಿಂದಿನ ಬಿಲದಾಗ ಕೈ ಹಾಕಿದೆ, ಹಲಗಿ ಬಡದು ಪೊಳ್ಳು ಸಪ್ಪಳ ಕೇಳಿದೆ. ತಯಾರ ಮಾಡೋರಿಗೆ ಅವಸರ ಇರತದ ಕಾಣತದ, ಯಾವ ಮೂಲಿ ಹಿಡಿಸ್ಲಿಲ್ಲೋ ಅಲ್ಲಿ ಒಂದು ಪ್ಲೈವುಡ್ ತುಂಡು ಬಡದು ಮುಚ್ಚಿಬಿಟ್ಟಾರ. ಮಂಚದ ಕೆಳಗ ಅರ್ಧದಷ್ಟು ಜಾಗಾ ಹಿಂಗ ಮುಚ್ಚಿತ್ತು. ಬೆಂಚಿನ ಕೆಳಗೂ ಹಂಗ, ಗಾಲಿಯ ಗುಮ್ಮಟದ ಆಜೂಬಾಜೂನೂ ಹಂಗ. ಆದ್ರ ಮುಚ್ಚಿದ್ದೆಲ್ಲಾ ಖಾಲಿ ಅಂತ ತಿಳಕೊಂಡು ಗರಗಸಾ ಹಾಕೋ ಹಂಗಿಲ್ಲ. ನೀರಿನ ಪೈಪು, ವಾಯರು, ಹೀಟರಿನ ಬಿಸಿ ಗಾಳಿ ಹೋಗೋ ಕೊಳವಿ ಎಲ್ಲಾ ಆ ಹಲಗಿಗಳ ಹಿಂದನ ಅಡ್ಡಾಡತಾವ. ಎಲ್ಲಿ ಕೊರಿಯೋದಿತ್ತೋ ಅಲ್ಲಿ ಮೊದಲ ಸಣ್ಣ ತೂತು ಹಾಕಿ, ಫೋನಿನ ಕ್ಯಾಮೆರಾ ಒಳಗ ಹಣಿಕಿಸಿ, ಫೋಟೋ ತಗದು ನೋಡಿದ್ವಿ.

ಯಜಮಾನ್ರ ಆಸೆ ಬ್ಯಾರೇನ ಇತ್ತು. ಟ್ರೇಲರಿನ ಹೊರಗಡಿ ಎರಡೂ ಮಗ್ಗಲಿಗೆ ಸಣ್ಣ ಬಾಗಿಲಾ ಇರತಾವ, ಹೊರಗಿಂದನ ಸಾಮಾನು ತುರುಕಲಿಕ್ಕೆ. ಈ ಕಡಿ ಬಾಗಿಲಾ ತಗದ್ರ ಆ ಕಡಿ ಬಾಗಿಲಾ ಕಾಣತದ, ನಡುವ ಮಂಚದ ಕೆಳಗ ಒಂದು ಉದ್ದನ ಖಾನೆ. “ಆ ಬಾಗಿಲಾನ ದೊಡ್ಡದು ಮಾಡೋಣು, ಗ್ವಾಡಿ ಕೊರದ್ರಾತು” ಅಂದ್ರು. ನಾ ಸುತಾರಾಂ ಒಪ್ಪಲಿಲ್ಲ. ನಮ್ಮ ಟ್ರೇಲರಿನ ಗ್ವಾಡಿ ಇಟ್ಟಂಗಿದಲ್ಲ, ಕಟಗೀದೂ ಅಲ್ಲ. ಅಲ್ಯೂಮಿನಿಯಂ ಚೌಕಟ್ಟು, ನಡುವ ಥರ್ಮಾಕೋಲಿನಂಥಾದ್ದು, ಹೊರಗ ಫೈಬರ್‌ಗ್ಲಾಸ್ ಹಾಳಿ, ಎಲ್ಲಾನೂ ಅಂಟು ಹಚ್ಚಿ ಒತ್ತಿದ್ದು. ಒಳಗ ಚೌಕಟ್ಟಿನ ಪಟ್ಟಿ ಎಲ್ಲದ ಅನ್ನೋದು ಹೊರಗಿಂದ ಕಾಣಂಗಿಲ್ಲ. ಕೊರದ ಅಂಚಿನಾಗ ಹನಿ ನೀರು ಇಳದ್ರ ಪದರು ಬಿಟ್ಟು, ಹಪ್ಪಳ ಉಬ್ಬಿದಂಗ ಉಬ್ಬತದ. ಆಮ್ಯಾಲೆ ಅದನ್ನ ರಿಪೇರಿ ಮಾಡೋದಕ್ಕಿಂತ ಹೊಸಾದು ತಗೊಳ್ಳೋದ ಸೋವಿ. ಹೊರಗಿನ ಬಾಗಿಲಾ ಇದ್ದಷ್ಟ ಇರಲಿ, ಒಳಗಿನ ಹೊಟ್ಟಿ ದೊಡ್ಡದು ಮಾಡೋಣು ಅಂದೆ. ನಮ್ಮ ಊರಾಗಿನ ಹಗೇವು ಇರತಿತ್ತಲ್ಲ, ಬಾಯಿ ಒಬ್ಬ ಮನಶ್ಯಾ ಇಳಿಯೋವಷ್ಟ, ಒಳಗ ಚೀಲಗಟ್ಲೆ ಜ್ವಾಳಾ.

ಹಂಗ ಮಾಡಿದ್ವಿ. ಆ ಉದ್ದನ ಖಾನೆಗೂ ಮಂಚದ ಕೆಳಗಿನ ಖಾಲಿ ಜಾಗಾಕ್ಕೂ ನಡುವ ಒಂದು ಅಡ್ಡ ಹಲಗಿ ಇತ್ತು. ಅದನ್ನ ಪೂರ್ತಿ ಕಿತ್ತೊಗೀಲಿಲ್ಲ, ಯಾಕಂದ್ರ ಮಂಚದ ಭಾರ ಅದರ ಕಟಗಿ ಕಂಬದ ಮ್ಯಾಲೆ ನಿಂತಿತ್ತು. ಕಂಬಾ ಹಂಗ ಬಿಟ್ಟು ನಡುವಿನ ಹಲಗಿ ಅಷ್ಟ ಕೊರದು ತಗದು, 20 ಇಂಚು ಹಿಂದ ಹೊಸಾ ಗ್ವಾಡಿ ಎಬ್ಬಿಸಿದ್ವಿ. ಮಡಚೋ ಕುರ್ಚಿ, ಹೊರಗ ಹಾಸೋ ಚಾಪಿ, ನೀರಿನ ಪೈಪು, ಕೆಸರು ಮೆತ್ತಿದ್ದೆಲ್ಲಾ ಈಗ ಹೊರಗಿಂದ ಹೊರಗ ಒಳಗ ಹೋಗತದ. ಹೊಸಾ ಗ್ವಾಡಿಗೆ ಸುತ್ತಲೂ ಸ್ಪಂಜಿನ ಪಟ್ಟಿ ಹಚ್ಚೇವಿ, ಧೂಳು ಹಾಸಗಿ ಕಡಿ ಬರಬಾರದು ಅಂತ.

ಉಳದ ಅರ್ಧಾ ಮಂಚದ ಕೆಳಗ ಚಾದರ, ಸ್ವೆಟರ್, ಅರಿವಿ ಇಡಲಿಕ್ಕೆ. ಅಲ್ಲಿಗೆ ಕೈ ಹೋಗಬೇಕಂದ್ರ ಗಾದಿ ಸಮೇತ ಹಲಗಿ ಎತ್ತಿ, ತಲಿ ಮ್ಯಾಲೆ ಹೊತಗೊಂಡು, ಇನ್ನೊಂದು ಕೈಲೆ ಹುಡುಕಬೇಕಾಗಿತ್ತು. ಅದಕ್ಕ ಕೀಲು ಹಚ್ಚಿ ಎರಡು ಗ್ಯಾಸಿನ ದಂಡಿ ಹಾಕಿದ್ವಿ. ಕಾರಿನ ಹಿಂದಿನ ಬಾಗಿಲಾ ತಾನ ಮ್ಯಾಲೆ ನಿಲ್ಲತದಲ್ಲ, ಅಂಥಾ ದಂಡಿ. ಮಾಡೋರಿಗೆ ಒಂದು ಮಾತು ಹೇಳ್ತೀನಿ: ಆ ದಂಡಿ ಸುಮ್ಮನಿರಂಗಿಲ್ಲ, ಮುಚ್ಚಿದಾಗೂ ದೂಡಕೋತನ ಇರತದ. ತೆಳ್ಳನ ಪ್ಲೈವುಡ್ಡಿಗೆ ಸೀದಾ ಸ್ಕ್ರೂ ಹೊಡದ್ರ ನಾಲ್ಕು ದಿನದಾಗ ಕಿತಗೊಂಡು ಬರ್ತದ. ಹಿಂದ ಒಂದು ದಪ್ಪ ಕಟಗಿ ತುಂಡು ಕೊಟ್ಟು, ಆರಪಾರ ಬೋಲ್ಟ್ ಹಾಕಿ ಬಿಗೀರಿ. ಟ್ರೇಲರಿನ್ಯಾಗ ಎಲ್ಲಾನೂ ಹಂಗನ. ರಸ್ತೆ ಮ್ಯಾಲೆ ಓಡೋ ಮುಂದ ಒಳಗ ತಾಸುಗಟ್ಲೆ ಭೂಕಂಪ ಆದಂಗ ಅಲಗಾಡತದ, ಬರೇ ಮೊಳಿ ನಂಬಿದ್ರ ಊರು ಮುಟ್ಟೋದರಾಗ ಮೊಳಿ ಒಂದು ಕಡಿ, ಹಲಗಿ ಒಂದು ಕಡಿ. ಕಟಗಿ ಅಂಟು ಹಚ್ಚಿ ಮ್ಯಾಲೆ ಸ್ಕ್ರೂ ಹಾಕಬೇಕು.

ಬೆಂಚಿನ ಕೆಳಗಿಂದು ಸಣ್ಣ ಕೆಲಸ. ಮೊದಲ ಮ್ಯಾಲಿನ ಗಾದಿ ತಗದು ಬಗ್ಗಿ ಹುಡುಕಬೇಕಿತ್ತು, ಈಗ ಮುಂದ ಕೊರದು ಬಾಗಿಲಾ ಕೂಡಿಸೇವಿ. ಒಂದು ಬೆಂಚಿನ ಕೆಳಗ ನೀರಿನ ಪಂಪು ಅದ, ಅದರ ತಂಟೇಕ್ಕ ಹೋಗಲಿಲ್ಲ. ಇನ್ನೊಂದರ ಮುಂದ ನೆಲದ ಹತ್ತೆಕ್ಕ ಗ್ಯಾಸ್ ಸೋರಿದ್ರ ಕೂಗೋ ಪೆಟ್ಟಿಗಿ ಅದ. ಇಲ್ಲೆ ಒಲಿಗೆ ಬಳಸೋ ಪ್ರೊಪೇನ್ ನಮ್ಮ ಊರಿನ ಸಿಲಿಂಡರಿನ ಗ್ಯಾಸಿನಂಗ ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕನ ಹರಡತದ. ಅದಕ್ಕನ ಆ ಪೆಟ್ಟಿಗಿ ಕೆಳಗ ಇಟ್ಟಿರತಾರ. “ಇದನ್ನ ಸ್ವಲ್ಪ ಮ್ಯಾಲೆ ಸರಸಿದ್ರ ಬಾಗಿಲಾ ದೊಡ್ಡದಾಗತದ” ಅಂತ ಯಜಮಾನ್ರು ಅಂದ್ರು. ಬಾಗಿಲಾ ಸಣ್ಣದಾದ್ರೂ ಅಡ್ಡಿಯಿಲ್ಲ ಅಂದೆ. ಹೀಟರ್ ಗಾಳಿ ಎಳಕೊಳ್ಳೋ ಜಾಳಗಿಯ ಮುಂದೂ ಏನೂ ಇಟ್ಟಿಲ್ಲ.

ಇಷ್ಟಾದ ಮ್ಯಾಲೆ ಖರೇ ತಾಪತ್ರಯ ಸುರು ಆತು. ಜಾಗಾ ಸಿಕ್ಕತು ಅಂದ ಕೂಡಲೆ ತುಂಬಲಿಕ್ಕೆ ಕೈ ಕಡೀತದ, ಇದು ನಮ್ಮ ಹೆಣಮಕ್ಕಳ ಜಾತಿಗುಣ ಅಂತಾರ, ಆದ್ರ ಗಂಡಸರದು ನೋಡಬೇಕ್ರಿ ನೀವು. ಟ್ರೇಲರಿನ ಬಾಗಿಲಾ ಹತ್ರ ಒಂದು ಚೀಟಿ ಅಂಟಿಸಿರತಾರ, ಇದರೊಳಗ ಇಷ್ಟ ಕೆಜಿ ಮ್ಯಾಲೆ ಸಾಮಾನು ಹೇರಬಾರದು ಅಂತ. ನಮ್ಮದಕ್ಕ 535 ಕೆಜಿ. ಅದರ ಕೆಳಗನ ಬರದಿರತದ, ತುಂಬಿದ ನೀರಿನ ತೂಕಾನೂ ಇದರಾಗನ ಬಂತು ಅಂತ. ನಮ್ಮ ನೀರಿನ ಟ್ಯಾಂಕು ತುಂಬಿದ್ರ 151 ಲೀಟರ್, ಅಂದ್ರ 151 ಕೆಜಿ ಅಲ್ಲೇ ಹೋತು. ಅರ್ಧ ಇಂಚಿನ ಪ್ಲೈವುಡ್ ಒಂದು ಪೂರಾ ಹಾಳಿ 20 ಕೆಜಿ ಆಸುಪಾಸು ತೂಗತದ. ಹಲಗಿ ಹೊಡದಷ್ಟೂ ಸಾಮಾನಿನ ಲೆಕ್ಕದಾಗ ಕಡಿಮಿ ಆಗತದ, ಯಾರೂ ಹೊಸಾ ಕೆಜಿ ಕೊಡಂಗಿಲ್ಲ. ಅದಕ್ಕ ನಾ ಕಾಲು ಇಂಚಿನ ಹಲಗಿನ ತರಿಸಿದ್ದೆ, ಕೆಳಗ ಪೈನ್ ಪಟ್ಟಿ ಆಸರ ಕೊಟ್ಟು.

ಅದಕ್ಕಿಂತ ದೊಡ್ಡದು, ತೂಕಾ ಎಲ್ಲೆ ಕೂಡತದ ಅನ್ನೋದು. ಇದನ್ನ ಫೋನಿನ್ಯಾಗ ಅತ್ತಿಯವರಿಗೆ ಹೇಳ್ಲಿಕ್ಕೆ ಹೋದ್ರ ಅವರ ನನಗ ಪಾಠಾ ಹೇಳಿದ್ರು. ಅವರು ಸಣ್ಣವರಿದ್ದಾಗ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಕೊಲ್ಲಾರಿ ಕಟ್ಟಿದ ಚಕ್ಕಡಿಯೊಳಗ ಹೋಗತಿದ್ರಂತ, ಬುತ್ತಿ, ಹಾಸಗಿ, ಭಾಂಡೆ, ಎತ್ತಿನ ಹೊಟ್ಟು ಎಲ್ಲಾ ಹೇರಕೊಂಡು. “ಹೇರಿದ ಮ್ಯಾಲೆ ಅಪ್ಪಾ ನೊಗಾ ಎತ್ತಿ ನೋಡತಿದ್ದಾ. ಮುಂಭಾರಾದ್ರ ಎತ್ತಿನ ಹೆಗಲಿಗೆ ಬಾವು ಬರ್ತದ. ಹಿಂಭಾರಾದ್ರ ನೊಗಾ ಮ್ಯಾಲೆದ್ದು ಕೊರಳಪಟ್ಟಿ ಬಿಗೀತದ. ಭಾರಾ ಅಚ್ಚಿನ ಮ್ಯಾಲಿರಬೇಕು, ಎತ್ತಿನ ಕಡಿ ಒಂದು ಗುಲಗಂಜಿ ಜಾಸ್ತಿ.” ಇಲ್ಲಿನ ಪುಸ್ತಕದಾಗ ಬರದದ್ದೂ ಅದನ. ಟ್ರೇಲರಿನ ಒಟ್ಟು ತೂಕದಾಗ ನೂರಕ್ಕ 10ರಿಂದ 15 ಪಾಲು ಕೊಂಡಿ ಮ್ಯಾಲಿರಬೇಕು. ಕಡಿಮಿ ಆದ್ರ ಟ್ರೇಲರ್ ಹಿಂದ ಹಾವಿನಂಗ ಹೊರಳಾಡಿ ಟ್ರಕ್ಕನ್ನೂ ಎಳೀತದ. ಜಾಸ್ತಿ ಆದ್ರ ಟ್ರಕ್ಕಿನ ಹಿಂದು ಕುಸದು ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಕೇಳಂಗಿಲ್ಲ, ಬ್ರೇಕೂ ಸರಿ ಹಿಡಿಯಂಗಿಲ್ಲ. ನಾವು ದಾಟೋದು ಮ್ಯಾಕಿನಾ ಸೇತುವಿ. 1957ರಾಗ ಸುರು ಆದದ್ದು, 8 ಕಿಲೋಮೀಟರ್ ಉದ್ದ, ಎರಡು ದೊಡ್ಡ ಸರೋವರ ಕೂಡೋ ಜಾಗಾದ ಮ್ಯಾಲೆ. ಗಾಳಿ ಭಾಳ ಇದ್ದಾಗ ಟ್ರೇಲರ್ ಎಳಿಯೋರನ್ನ ಬೆಂಗಾವಲಿನ ಜೋಡಿ ಮೆಲ್ಲಕ ದಾಟಸ್ತಾರ. ಅಲ್ಲೆ ಹಾವಿನಾಟ ನನಗ ಬ್ಯಾಡ.

ಮಂಚದ ಕೆಳಗಿನ ಹೊಸಾ ಖಾನೆ ಇರೋದು ಕೊಂಡಿಯ ಹತ್ತೆಕ್ಕ. ಯಜಮಾನ್ರು ಖುಷಿಗೆ ತಮ್ಮ ಹತಾರದ ಪೆಟ್ಟಿಗಿ, ಇದ್ದಲಿ ಚೀಲಾ, ಕಬ್ಬಿಣದ ಹಂಚು, ನೀರಿನ ಬಾಟ್ಲಿಯ ಕಟ್ಟು ಎಲ್ಲಾ ಅಲ್ಲೇ ತುರುಕಿದ್ರು. ಲಾರಿಯವರು ನಿಲ್ಲೋ ಕಡಿ ತೂಕದ ಕಟ್ಟಿ ಇರತಾವ, ಒಂದೊಂದು ಅಚ್ಚಿಂದೂ ಬ್ಯಾರೆ ಬ್ಯಾರೆ ಚೀಟಿ ಮ್ಯಾಲೆ ಬರದು ಕೊಡತಾರ. ಬರೇ ಟ್ರಕ್ಕು ಒಮ್ಮೆ, ಟ್ರೇಲರ್ ಕೂಡಿಸಿ ಒಮ್ಮೆ ತೂಗಿಸಿ, ಟ್ರಕ್ಕಿನ ಗಾಲಿ ಮ್ಯಾಲೆ ಎಷ್ಟು ಏರಿತು ಅಂತ ಕಳದ್ರ ಕೊಂಡಿಯ ತೂಕಾ ಗೊತ್ತಾಗತದ. ಟ್ರೇಲರ್ 2340 ಕೆಜಿ, ಕೊಂಡಿ ಮ್ಯಾಲೆ 375. ನೂರಕ್ಕ 16. ಅವರು ಚೀಟಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಏನೂ ಅನ್ನಲಿಲ್ಲ. ಮನಿಗೆ ಬಂದು 90 ಕೆಜಿಯಷ್ಟು ತಗದು ಗಾಲಿ ಮ್ಯಾಲೆ ಬರೋ ಬೆಂಚಿನ ಕೆಳಗ ಹಾಕಿದ್ವಿ. ಮುಂದ ಬರೇ ಕುರ್ಚಿ, ಚಾಪಿ, ಅರಿವಿ. ಮತ್ತ ತೂಗಿಸಿದ್ರ 320. ನೂರಕ್ಕ 14ರ ಒಳಗ ಬಂತು. ಹಿಂದ ಬಚ್ಚಲದ ಕಡಿ ಭಾರದ್ದು ಏನೂ ಇಟ್ಟಿಲ್ಲ. ಟ್ಯಾಂಕಿನಾಗ ಮೂರನೇ ಒಂದು ಪಾಲು ನೀರಷ್ಟ ತುಂಬತೀವಿ, ಇಳಕೊಳ್ಳೋ ಜಾಗಾದಾಗ ನಳಾ ಇರತದ.

ಹ್ವಾದ ವಾರ ಮನಿ ಮುಂದನ ಟ್ರೇಲರ್ ನಿಲ್ಲಿಸಿಕೊಂಡು ಒಂದು ರಾತ್ರಿ ಮಲಗಿ ನೋಡಿದ್ವಿ. ಮೇಜು ಇಳಿಸಿ, ಎಲ್ಲಾ ಒಳಗಿಟ್ಟು, ದೀಪಾ ಆರಿಸಿ, ಮಂಚದಿಂದ ಬಚ್ಚಲಾದ ಮಟಾ ಬರಿಗಾಲಲೆ ಹೋಗಿ ಬಂದೆ. ಏನೂ ತಾಗಲಿಲ್ಲ. ಮಗಳ ಬೂಟು ಎಲ್ಲೋದ್ವು ಅಂತ ಬೆಳಿಗ್ಗೆ ಅರ್ಧಾ ತಾಸು ಹುಡುಕಿದ್ವಿ, ಅದು ಬ್ಯಾರೆ ಮಾತು.

ಅತ್ತಿಯವರಿಗೆ ಎರಡು ಸಂಗತಿ ಇನ್ನೂ ಒಪ್ಪಿಗಿ ಆಗಿಲ್ಲ. ಗಾಡಿ ಓಡೋ ಮುಂದ ಟ್ರೇಲರಿನ ಮಂಚದ ಮ್ಯಾಲೆ ಅಡ್ಡಾಗಬಹುದು ಅಂತ ತಿಳಕೊಂಡಿದ್ರು. ಇಲ್ರಿ ಅತ್ತಿ, ಎಲ್ಲಾರೂ ಟ್ರಕ್ಕಿನ್ಯಾಗನ ಪಟ್ಟಿ ಕಟಗೊಂಡು ಕೂಡಬೇಕು ಅಂದೆ. ಇನ್ನೊಂದು, ವಿಮಾನದಾಗ ತರೋ ಎರಡೂ ಚೀಲಾ ಟ್ರೇಲರಿಗೆ ಬರಂಗಿಲ್ಲ ಅನ್ನೋದು. “ಖಟಿ ರೊಟ್ಟಿಗೆ ಎಷ್ಟು ತೂಕಾ ಇರತದವಾ?” ಅಂತ ಕೇಳಿದ್ರು. ರೊಟ್ಟಿ, ಶೇಂಗಾ ಚಟ್ನಿ ಎಷ್ಟಾದ್ರೂ ತರ್ರಿ, ಹಿತ್ತಾಳಿ ಬೋಗಾಣಿ ಬ್ಯಾಡ ಅಂದೇನಿ.

ಈಗ ಒಂದು ಕೆಲಸ ಉಳದದ. ಮಂಚದ ತಲಿ ಕಡಿ ಅವರ ಗುಳಿಗಿ, ಚಸ್ಮಾ, ಬ್ಯಾಟರಿ, ದೇವರ ಪೆಟ್ಟಿಗಿ ಇಡಲಿಕ್ಕೆ ಒಂದು ಮಾಡಾ ಮಾಡಬೇಕು, ಓಡೋ ಮುಂದ ಬೀಳದಂಗ ಮುಂದ ಚಿಲಕಾ ಇರೋದು. ದೇವರ ಪೆಟ್ಟಿಗಿ ಉದ್ದ ಅಗಲ ಎಷ್ಟದ ಅಂತ ಕೇಳೇನಿ. ದಾರಾ ಹಿಡದು ಅಳದು ನಾಳೆ ಹೇಳ್ತೀನಿ ಅಂದಾರ. ಅಲ್ಲೀ ಮಟಾ ಆ ಹಲಗಿಗೆ ಗರಗಸಾ ಹಚ್ಚಂಗಿಲ್ಲ.