ಸುರಪುರದಲ್ಲಿ ಕೇಳಿಸಿದ ‘ಅಪ್ಪಾ’!

“ಯಾದಗಿರಿಗಾ? ಅಲ್ಲೇನಯ್ಯ ಇದೆ, ಬಿಸಿಲು ಬಿಟ್ಟರೆ!” ಮಂಡ್ಯದ ಗೆಳೆಯರು ಹೀಗಂದಾಗ ನಾನೂ ನಕ್ಕಿದ್ದೆ. ಪಿಯುಸಿ ಅರ್ಧಕ್ಕೇ ಬಿಟ್ಟು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವವನಿಗೆ ಯಾವ ಊರಾದರೇನು? ರೈಲ್ವೆ ಸ್ಟೇಷನ್ ಹತ್ತಿರ ಒಂದು ಕೋಣೆ ಹಿಡಿದೆ. ವರ್ಷವಾಯಿತು. ಬಿಸಿಲು ಇದೆ, ಸುಳ್ಳಲ್ಲ. ಆದರೆ ಬಿಸಿಲೊಂದೇ ಅಲ್ಲ, ಮಿತ್ರರೇ!

ಮೊದಲ ಪತ್ತೆ, ಬೆಳಗಿನ ಸುಸ್ಲಾ. ಚುರುಮುರಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸುತ್ತಾರೆ. ಪಕ್ಕದಲ್ಲಿ ಬಿಸಿ ಮಿರ್ಚಿ. ಇಡ್ಲಿ ಮರೆತೇಹೋಯಿತು! ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

ಎರಡನೆಯ ಪತ್ತೆ, ಆ ಖಾನಾವಳಿ ಅವ್ವನ ಮಾತು. “ಯಪ್ಪಾ, ಇನ್ನೊಂದ್ ರೊಟ್ಟಿ ಹಾಕ್ಕೋ, ನಾಚಬ್ಯಾಡ.” ನನಗೋ ಗಾಬರಿ! ಇಪ್ಪತ್ತೆಂಟಾದರೂ ಮದುವೆಯಿಲ್ಲ, ನಾನು ಯಾರಿಗೆ ಅಪ್ಪ? ಆಮೇಲೆ ನೋಡಿದರೆ, ಎರಡು ವರ್ಷದ ಮೊಮ್ಮಗನೂ ಆಕೆಗೆ ‘ಯಪ್ಪಾ’ನೇ. ಪ್ರೀತಿ ಬಂದರೆ ಇಲ್ಲಿ ಚಿಕ್ಕವರೂ ಅಪ್ಪಂದಿರೇ!

ಮೂರನೆಯದು ಶಹಾಪುರದ್ದು. ಯಾದಗಿರಿಯಿಂದ ಬಸ್ಸು ಭೀಮಾ ನದಿ ದಾಟಿ ಹೋಗುತ್ತದೆ. ಆ ಊರಿನ ಹೊರಗೆ ಪಕ್ಕದ ಸೀಟಿನವರು ಬೆರಳು ತೋರಿಸಿದರು. “ನೋಡ್ರಿ, ಬುದ್ಧ ಮಲಗ್ಯಾನ!” ಗುಡ್ಡಗಳ ಸಾಲೇ ಹಣೆ, ಮೂಗು, ಎದೆ, ಕಾಲು. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ. ಬಸ್ಸು ಸ್ವಲ್ಪ ಮುಂದೆ ಹೋಗಲಿ, ಬುದ್ಧ ಮಾಯ, ಬರೀ ಗುಡ್ಡ! ನಿಂತ ಜಾಗ ಬದಲಾದರೆ ಕಾಣುವುದೂ ಬದಲು.

ಅಲ್ಲಿಂದ ಸುರಪುರ. ಬೇಡ ನಾಯಕರ ರಾಜಧಾನಿ. ಗುಡ್ಡದ ಮೇಲೆ ‘ಟೇಲರ್ ಮಂಜಿಲ್’ ಎಂಬ ಬಂಗಲೆ ಇಂದಿಗೂ ಇದೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1839ರಲ್ಲೇ ಥಗ್ಗರ ಕಥೆ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ ಕಾದಂಬರಿಕಾರ! 1841ರಲ್ಲಿ ಬ್ರಿಟಿಷರ ಅಧಿಕಾರಿಯಾಗಿ ಇಲ್ಲಿಗೆ ಬಂದ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಎಳೆಯ ಹುಡುಗ. ಅವನು ದೊಡ್ಡವನಾಗುವತನಕ, ಅಂದರೆ 1853ರವರೆಗೆ, ಟೇಲರನೇ ಸಂಸ್ಥಾನ ನೋಡಿಕೊಂಡ. ಹುಡುಗ ಆ ಬಿಳಿಯನನ್ನು ಏನಂತ ಕರೆಯುತ್ತಿದ್ದ ಗೊತ್ತೇ? ‘ಅಪ್ಪಾ!’

ಇಂಟರ್ವಲ್ ಇಲ್ಲಿಗೆ. ಮುಂದಿನದು ಕಲ್ಲೂ ಕರಗುವ ಕಥೆ.

1858ರಲ್ಲಿ ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ. ಸೋತು ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಟೇಲರ್ ಸೆರೆಮನೆಗೆ ಹೋಗಿ ನೋಡಿದ. ಆಗಲೂ ಹುಡುಗನ ಬಾಯಿಂದ ಬಂದದ್ದು ‘ಅಪ್ಪಾ’ ಎಂಬ ಮಾತೇ. ಮರಣದಂಡನೆ ಇಳಿದು ಕಡೆಗೆ ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ಸತ್ತುಹೋದ. ಕೈತಪ್ಪಿ ಹಾರಿದ್ದೋ, ತಾನೇ ಹಾರಿಸಿಕೊಂಡದ್ದೋ? ಉತ್ತರ ಅವನೊಂದಿಗೇ ಹೋಯಿತು. ವಯಸ್ಸು ಇಪ್ಪತ್ತೈದೂ ಆಗಿರಲಿಲ್ಲ. ಇಷ್ಟನ್ನೂ ಟೇಲರನೇ ಆತ್ಮಕಥೆಯಲ್ಲಿ ಬರೆದಿಟ್ಟ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಆ ಬಂಗಲೆಯ ಮುಂದೆ ನಿಂತಾಗ ನನಗೆ ಸಿನಿಮಾ ನೆನಪಾಗಲಿಲ್ಲ, ನಮ್ಮಪ್ಪ ನೆನಪಾದರು. ಕಾಲೇಜು ಬಿಟ್ಟ ದಿನ ಜಗಳವಾಡಿ ಹೊರಟವನು ನಾನು. ಆಮೇಲೆ ನಮ್ಮ ಮಾತೆಲ್ಲ ಅಮ್ಮನ ಮೂಲಕವೇ. ನಾಯಕನ ಮುಂದೆ ಕತ್ತಿ, ಕೋವಿ, ಸೆರೆಮನೆ ಎಲ್ಲ ಇದ್ದರೂ ‘ಅಪ್ಪಾ’ ಎಂದು ಕರೆದ. ನನಗೆ ಅಡ್ಡ ಇದ್ದದ್ದು ಏನು? ಬರೀ ಹಟ!

ಸುರಪುರದ ಬಸ್ ಸ್ಟ್ಯಾಂಡಿಗೆ ಇಳಿದು ಬಂದವನೇ ಫೋನ್ ಹಚ್ಚಿದೆ.

“ಯಾರೂ?”

“ಅಪ್ಪಾ, ನಾನು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಊಟ ಆಯ್ತೇನ್ಲಾ?” ಅಂದರು.

ಅಷ್ಟೇ ಸ್ವಾಮಿ! ಬಿಸಿಲೂರಿನಲ್ಲಿ ನನಗೆ ಸಿಕ್ಕಿದ್ದರಲ್ಲಿ ದೊಡ್ಡದು ಇದೇ. ನೀವೂ ಈ ಕಡೆ ಬಂದರೆ ಸುಸ್ಲಾ ತಿನ್ನಿ, ಬುದ್ಧನನ್ನು ನೋಡಿ, ಆ ಗುಡ್ಡ ಹತ್ತಿ. ಇಳಿದ ಮೇಲೆ ಮನೆಗೊಂದು ಫೋನ್ ಹಚ್ಚಿ.