ಕಪ್ಪು ಪರದೆಗೆ ಗ್ರಾಫಿಕ್ಸ್ ಬೇಕಾ?

ಲಿನಕ್ಸ್‌ನ ಅಕ್ಷರ ಕನ್ಸೋಲ್‌ಗೆ ಹೈ ರೆಸಲ್ಯೂಷನ್ ಗ್ರಾಫಿಕ್ಸ್ ಯಾಕೆ ಅಂತ ನಮ್ಮ ಆಫೀಸಿನಲ್ಲಿ ಕೇಳ್ತಾರೆ. ಹಳೇ ವಿಜಿಎ ಪರದೆಯಲ್ಲಿ 80 ಕಾಲಂ, 25 ಸಾಲು; ಅಕ್ಷರ, ಬಣ್ಣ ಸೇರಿ ಇಡೀ ಪುಟ 4,000 ಬೈಟ್. ಗ್ರಾಫಿಕ್ಸ್ ಕೈಕೊಟ್ಟಾಗ ಕಾಪಾಡೋದು ಆ ಸರಳತೆಯೇ, ಒಪ್ತೀನಿ.

ಆದರೆ ಅಪ್ಪನ ಲ್ಯಾಪ್‌ಟಾಪ್ ಕೆಟ್ಟಾಗ, ಅವರು ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಕನ್ಸೋಲ್‌ನಲ್ಲಿ ಬರೀ ಚೌಕಗಳಾಗಿ ಕಂಡವು. ಜಮೀನಿನ ಪತ್ರ ಯಾವುದು, ಮದುವೆ ಫೋಟೊ ಯಾವುದು ತಿಳಿಯಲಿಲ್ಲ. ಆ ಕನ್ಸೋಲ್ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕೃತಿ, ಎಲ್ಲಕ್ಕೂ ಒಂದೇ ಅಳತೆಯ ಮನೆ. ನಮ್ಮ ಗುಣಿತ, ಒತ್ತಕ್ಷರ ಅದರಲ್ಲಿ ಹಿಡಿಯೋದಿಲ್ಲ. ಪಿಕ್ಸೆಲ್ ಹೆಚ್ಚಿಸಿದರೆ ಸಾಲದು, ಅಕ್ಷರ ಜೋಡಿಸೋ ತಂತ್ರಾಂಶವೂ ಬೇಕು.

ಇಂಗ್ಲಿಷ್ ಸಾಕು ಅನ್ನೋರಿಗೆ ಇದು ಶೋಕಿ ಅನ್ನಿಸಬಹುದು. ನಮ್ಮಪ್ಪನಿಗೆ ಇದು ಅಗತ್ಯ.